ಹಳೇ ಬೋಟಿಗೆ 115ರ ಎಂಜಿನ್ ಕೂರಿಸಿದ ಕತೆ

ನಮ್ಮ ಗಂಗೊಳ್ಳಿ ಕಡೆ ದೋಣಿ ಅಂದರೆ ಮೀನು. ಇಲ್ಲಿ ಮಿಶಿಗನ್‌ನ ಸೇಂಟ್ ಕ್ಲೇರ್ ಸರೋವರದಲ್ಲಿ ಗಾಳ ಕೂಡ ಹಾಕದೆ ಸುಮ್ನೆ ಜೋರಾಗಿ ಓಡಿಸುವುದಕ್ಕೂ ದೋಣಿ ಇಟ್ಟುಕೊಳ್ಳುತ್ತಾರೆ. ಅಮ್ಮನಿಗೆ ಇದನ್ನು ಅರ್ಥ ಮಾಡಿಸಲು ನನ್ನಿಂದ ಇವತ್ತಿಗೂ ಆಗಿಲ್ಲ.

ನನ್ನದು 17 ಅಡಿಯ ಹಳೇ ಫೈಬರ್ ಬೋಟು. ಹಗುರ ಮೈ, ವಿ ಆಕಾರದ ತಳ. ಹಿಂದೆ ಮೂರು ಸಿಲಿಂಡರಿನ, ಮರ್ಕ್ಯುರಿ ಕಂಪನಿಯ 90 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್. ಪೂರ್ತಿ ಥ್ರಾಟಲ್ ಕೊಟ್ಟರೆ ಗಂಟೆಗೆ 37 ಮೈಲಿ ಹೋಗುತ್ತಿತ್ತು. ಒಂದು ಸಿಲಿಂಡರಿನ ಕಂಪ್ರೆಶನ್ ಬಿದ್ದಾಗ ರಿಪೇರಿಗೆ ದುಡ್ಡು ಸುರಿಯುವ ಬದಲು ದೊಡ್ಡದನ್ನೇ ಹಾಕಿಬಿಡೋಣ ಅನ್ನಿಸಿತು.

ಎಷ್ಟು ದೊಡ್ಡದು? 150 ಹಾಕು ಅಂದ ಗೆಳೆಯ. ಅವನಿಗೇನು, ಹೇಳುವುದಕ್ಕೆ ಖರ್ಚಿಲ್ಲ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಬೋಟಿನ ಮೇಲೆ ಗರಿಷ್ಠ ಎಚ್‌ಪಿ ಎಷ್ಟು ಅಂತ ಒಂದು ಫಲಕ ಇರುತ್ತದೆ. ನನ್ನದರಲ್ಲಿ 115 ಅಂತಿತ್ತು. ಈ ಅಂಕಿಯ ಹಿಂದೆ ಒಂದು ಸರಳ ಲೆಕ್ಕ ಇದೆ. ಬೋಟಿನ ಉದ್ದ ಮತ್ತು ಟ್ರಾನ್ಸಮ್, ಅಂದರೆ ಎಂಜಿನ್ ಕೂರುವ ಹಿಂಗೋಡೆ, ಅದರ ಅಗಲ ಎರಡನ್ನೂ ಅಡಿಯಲ್ಲಿ ಗುಣಿಸಬೇಕು. ಸ್ಟೀರಿಂಗ್ ಚಕ್ರ ಇದ್ದು ಟ್ರಾನ್ಸಮ್ 20 ಇಂಚು ಎತ್ತರ ಇದ್ದರೆ, ಬಂದದ್ದನ್ನು ಎರಡು ಪಟ್ಟು ಮಾಡಿ 90 ಕಳೆಯಬೇಕು. ನನ್ನದು 17ಕ್ಕೆ 6, ಅಂದರೆ 102. ಎರಡು ಪಟ್ಟು 204. ತೊಂಬತ್ತು ಕಳೆದರೆ 114. ಐದರ ಲೆಕ್ಕಕ್ಕೆ ಏರಿಸಿದರೆ 115.

ಫಲಕಕ್ಕಿಂತ ಜಾಸ್ತಿ ನನ್ನನ್ನು ಹೆದರಿಸಿದ್ದು ತೂಕ. ಹಳೇ 90 ಸುಮಾರು 137 ಕೆ.ಜಿ. ಈಗಿನ ಮರ್ಕ್ಯುರಿ ಫೋರ್ ಸ್ಟ್ರೋಕ್ 115 ಸುಮಾರು 163 ಕೆ.ಜಿ. ಒಂದು ಮೂಟೆ ಅಕ್ಕಿಯ ವ್ಯತ್ಯಾಸ. 150 ತೆಗೆದುಕೊಂಡರೆ 206 ಕೆ.ಜಿ. ಆಗ ಹಿಂದುಗಡೆ ಒಬ್ಬ ಆಳನ್ನೇ ಕಟ್ಟಿಕೊಂಡು ಓಡಾಡಿದ ಹಾಗೆ. ತಮಾಷೆ ಏನೆಂದರೆ, ಇದೇ ಕಂಪನಿಯ 75, 90, 115 ಮೂರೂ ಒಂದೇ 2.1 ಲೀಟರ್ ಎಂಜಿನ್, ತೂಕವೂ ಒಂದೇ. ಹೊಸ 90 ತಂದಿದ್ದರೂ ಅಕ್ಕಿಮೂಟೆ ತಪ್ಪುತ್ತಿರಲಿಲ್ಲ.

ವೇಗದ ಆಸೆ ಎಷ್ಟಿಟ್ಟುಕೊಳ್ಳಬೇಕು ಅಂತಲೂ ಮೊದಲೇ ಲೆಕ್ಕ ಹಾಕಿದೆ. ಇಂಥ ಬೋಟಿನಲ್ಲಿ ವೇಗ ಹೆಚ್ಚುವುದು ಸುಮಾರಾಗಿ ಎಚ್‌ಪಿಯ ವರ್ಗಮೂಲದ ಪ್ರಮಾಣದಲ್ಲಿ. ಶಕ್ತಿ ಶೇ. 28 ಜಾಸ್ತಿ ಆದರೆ ವೇಗ ಶೇ. 13 ಅಷ್ಟೇ. 37 ಹೋಗಿ 42 ಆಗಬೇಕು. ಐದು ಮೈಲಿಗೋಸ್ಕರ ಇಷ್ಟೆಲ್ಲಾ ಬೇಕಾ? ಹೆಂಡತಿ ಇದೇ ಪ್ರಶ್ನೆ ಕೇಳಿದಳು. ನಾನು ಉತ್ತರ ಕೊಡದೆ ಗ್ಯಾರೇಜಿಗೆ ಹೋದೆ.

ಹಳೇ ಎಂಜಿನ್ ಇಳಿಸಿದ ಮೇಲೆ ಟ್ರಾನ್ಸಮ್ಮಿಗೆ ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿದೆ. ಮೇಲೆ ಟಣ್ ಟಣ್ ಅಂತಿತ್ತು. ಕೆಳಗಿನ ಬೋಲ್ಟುಗಳ ಹತ್ತಿರ ಬಂದಾಗ ಸದ್ದು ಸತ್ತುಹೋಯಿತು. ಹಲಸಿನಹಣ್ಣು ತಟ್ಟಿದ ಹಾಗೆ ದೊಪ್ ದೊಪ್. ಅಲ್ಲಿ ಸಣ್ಣ ತೂತು ಕೊರೆದೆ. ಒಣ ಹುಡಿ ಬರಬೇಕಿತ್ತು. ಬಂದದ್ದು ಕಾಫಿ ಚರಟದಂಥ ಕಪ್ಪು ಒದ್ದೆ ಪುಡಿ. ಮೂಸಿದರೆ ಕೊಳೆತ ಸೌದೆಯ ವಾಸನೆ. ಫೈಬರಿನ ಎರಡು ಪದರಗಳ ನಡುವಿನ ಪ್ಲೈವುಡ್ ಕೊಳೆತಿತ್ತು. ಮಾರಿದವರು "ಟ್ರಾನ್ಸಮ್ ಕಲ್ಲಿನ ಹಾಗಿದೆ" ಅಂದಿದ್ದರು. ಆಗ ಬಡಿದು ನೋಡದೇ ಇದ್ದದ್ದು ನನ್ನ ತಪ್ಪು.

ಮುಂದಿನ ಆರು ವಾರಾಂತ್ಯ ಅದಕ್ಕೇ ಹೋಯಿತು. ಒಳಗಿನ ಪದರ ಕತ್ತರಿಸಿ, ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದು ತೆಗೆದೆ. ಮುಕ್ಕಾಲು ಇಂಚಿನ ಎರಡು ಮರೀನ್ ಪ್ಲೈವುಡ್ ಹಲಗೆಗಳನ್ನು ಎಪಾಕ್ಸಿಯಲ್ಲಿ ಅಂಟಿಸಿ, ಮೇಲೆ ಗಾಜಿನಾರಿನ ಬಟ್ಟೆ ಹಾಕಿದೆ. ಉಜ್ಜುವಾಗ ಮಾಸ್ಕ್ ಹಾಕಿದ್ದೆ, ಆದರೆ ಅರ್ಧ ತೋಳಿನ ಅಂಗಿ. ಎರಡು ದಿನ ಮೈಯೆಲ್ಲ ನಸುಗುನ್ನಿ ತಾಗಿದ ಹಾಗೆ ತುರಿಸಿತು.

ಬೋಲ್ಟಿನ ತೂತುಗಳಿಗೆ ಒಂದು ಸಾಮಾನ್ಯ ಅಳತೆ ಇದೆ. ಮೇಲಿನ ಎರಡರ ನಡುವೆ 12 7/8 ಇಂಚು, ಕೆಳಗೆ 9 7/8. ಹಾಗಾಗಿ ಕಂಪನಿ ಬದಲಾದರೂ ತೂತು ಸಾಮಾನ್ಯವಾಗಿ ಹೊಂದುತ್ತದೆ. ಪ್ರತಿ ತೂತನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ಅರ್ಧ ಇಂಚಿಗೆ ಕೊರೆದೆ. ಇನ್ನು ನೀರು ಮರಕ್ಕೆ ತಲುಪಬೇಕಾದರೆ ಮೊದಲು ಎಪಾಕ್ಸಿ ದಾಟಬೇಕು.

ವೈರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೇ ಮರ್ಕ್ಯುರಿಯ ಪ್ಲಗ್ಗಿಗೆ 8 ಪಿನ್, ಹೊಸದಕ್ಕೆ 14. ಜೋಡಿಸಿ ತೇಪೆ ಹಾಕುವ ಬದಲು ಕೀ ಸ್ವಿಚ್ ಸಮೇತ ಹೊಸದೇ ಹಾಕಿದೆ. ಪೆಟ್ರೋಲ್ ಪೈಪು, ನೀರು ಬೇರ್ಪಡಿಸುವ ಫಿಲ್ಟರ್, ಸ್ಟೀರಿಂಗ್ ಕೇಬಲ್ ಎಲ್ಲ ಹೊಸದು. ಇಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಹಳೇ ರಬ್ಬರ್ ಪೈಪನ್ನು ಅದು ತಿಂದುಹಾಕುತ್ತದೆ.

ಆಮೇಲೆ ಪ್ರೊಪೆಲ್ಲರ್. ಇಲ್ಲಿ ಬುದ್ಧಿ ಕೆಟ್ಟಿತು. ಎಂಜಿನ್ ದೊಡ್ಡದಾಯಿತು, ಪಿಚ್ಚೂ ದೊಡ್ಡದಿರಲಿ ಅಂತ 21 ಪಿಚ್ಚಿನ ಸ್ಟೀಲ್ ಪ್ರೊಪೆಲ್ಲರ್ ತಂದೆ. ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಅಳತೆ. ಹಳೇ ಎಂಜಿನ್ನಿನ ಗೇರ್ ಅನುಪಾತ 2.3, ಹೊಸದರದ್ದು 2.07. ಅಂದರೆ ಎಂಜಿನ್ ಅಷ್ಟೇ ತಿರುಗಿದರೂ ಪ್ರೊಪೆಲ್ಲರ್ ಮೊದಲಿಗಿಂತ ಜೋರಾಗಿ ತಿರುಗುತ್ತದೆ. ಅದರ ಮೇಲೆ 21 ಪಿಚ್ ಹೇರಿದರೆ? ಟಾಪ್ ಗೇರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿಸಿದ ಹಾಗಾಯಿತು. ಪೂರ್ತಿ ಥ್ರಾಟಲಿನಲ್ಲಿ 4,800 ಆರ್‌ಪಿಎಂ, ಗಂಟೆಗೆ 40 ಮೈಲಿ. ಈ ಎಂಜಿನ್ ಪೂರ್ತಿ ಥ್ರಾಟಲಿನಲ್ಲಿ 5,000ದಿಂದ 6,000ದ ಒಳಗೆ ಇರಬೇಕು. ಕಡಿಮೆ ಇದ್ದರೆ ಎಂಜಿನ್ ಒಳಗೊಳಗೇ ಏದುಸಿರು ಬಿಡುತ್ತಿದೆ ಅಂತ ಅರ್ಥ.

19ಕ್ಕೆ ಇಳಿದೆ. 5,350, 41 ಮೈಲಿ. ಪಿಚ್ ಇಳಿಸಿದರೆ ವೇಗ ಏರಿತು!

ಆಮೇಲೆ ಎಂಜಿನ್ನನ್ನು ಒಂದು ತೂತು, ಅಂದರೆ ಮುಕ್ಕಾಲು ಇಂಚು ಮೇಲಕ್ಕೆತ್ತಿದೆ. ಲೋವರ್ ಯೂನಿಟ್, ಅಂದರೆ ಪ್ರೊಪೆಲ್ಲರ್ ಇರುವ ಎಂಜಿನ್ನಿನ ಕೆಳಭಾಗ, ನೀರಿನಲ್ಲಿ ಕಡಿಮೆ ಮುಳುಗಿದಷ್ಟೂ ಎಳೆತ ಕಡಿಮೆ. ಅತಿಯಾದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿಯುತ್ತದೆ, ಕೂಲಿಂಗ್ ನೀರೂ ಸರಿಯಾಗಿ ಸಿಗುವುದಿಲ್ಲ. ವಾಟರ್ ಪ್ರೆಶರ್ ಗೇಜ್ ಮೇಲೆ ಒಂದು ಕಣ್ಣಿಟ್ಟೇ ಓಡಿಸಿದೆ. 5,500ಕ್ಕೆ 43 ಬಂತು. ಬೋಲ್ಟ್ ಸಡಿಲಿಸಿ ಬಿಗಿಯುವ ಒಂದು ಗಂಟೆಯ ಕೆಲಸಕ್ಕೆ ಎರಡು ಮೈಲಿ ಸಿಕ್ಕಿತು. ಅಷ್ಟು ತೂಕದ ಎಂಜಿನ್ ಬದಲಿಸಿ ಸಿಕ್ಕಿದ್ದು ನಾಲ್ಕು, ಅದಕ್ಕೆ ಹೋಲಿಸಿದರೆ ಇದು ಪುಕ್ಕಟೆ, ಅಲ್ವಾ?

43ರಲ್ಲಿ ಒಂದು ಹೊಸ ಅನುಭವವೂ ಆಯಿತು. ಟ್ರಿಮ್, ಅಂದರೆ ಎಂಜಿನ್ನಿನ ಓರೆ, ಸ್ವಲ್ಪ ಜಾಸ್ತಿ ಎತ್ತಿದೆ. ಬೋಟು ಎಡಕ್ಕೆ ಬಲಕ್ಕೆ ತೂಗಾಡತೊಡಗಿತು. ಮೊದಲು ಸಣ್ಣಗೆ, ಆಮೇಲೆ ತೊಟ್ಟಿಲು ತೂಗಿದ ಹಾಗೆ. ವಿ ತಳದ ಬೋಟು ನೀರಿನಿಂದ ತೀರಾ ಮೇಲೆದ್ದಾಗ ಹೀಗೆ ಆಗುತ್ತದೆ. ನಾನು ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋದೆ, ಹೆಚ್ಚಾಯಿತು. ಥ್ರಾಟಲ್ ನಿಧಾನ ಇಳಿಸಿ ಟ್ರಿಮ್ ಒಳಗೆ ತಂದ ಮೇಲೆ ನಿಂತಿತು. ಓಡಿಸುವವ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ನನ್ನ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿಕೊಂಡಿತ್ತು. 2021ರ ಏಪ್ರಿಲ್‌ನಿಂದ ಚಿಕ್ಕ ಬೋಟುಗಳಿಗೆ ಅದು ಇಲ್ಲಿನ ಕಾನೂನು ಕೂಡ. ಅವತ್ತು ಕಾನೂನಿನ ನೆನಪೇನೂ ಬರಲಿಲ್ಲ, ಹಗ್ಗ ಇದೆಯಾ ಅಂತ ಮುಟ್ಟಿ ನೋಡಿಕೊಂಡೆ ಅಷ್ಟೇ.

ಅಕ್ಕಿಮೂಟೆ ಮಾತ್ರ ಇನ್ನೂ ಕಾಡುತ್ತಿದೆ. ನಿಂತ ನೀರಿನಲ್ಲಿ ಇಬ್ಬರು ಹಿಂದೆ ಹೋದರೆ ನೆಲದ ನೀರು ಹೊರಹೋಗುವ ತೂತಿನಿಂದ ಸರೋವರವೇ ಒಳಗೆ ಬರುತ್ತದೆ. ಬ್ಯಾಟರಿಯನ್ನು ಮುಂದೆ, ಸ್ಟೀರಿಂಗ್ ಕೆಳಗೆ ಸರಿಸಬೇಕು. ದಪ್ಪ ಕೇಬಲ್ ತಂದಿಟ್ಟಿದ್ದೇನೆ. ಸದ್ಯಕ್ಕೆ ಸರೋವರ ಹೆಪ್ಪುಗಟ್ಟಿದೆ, ಬೋಟು ಟಾರ್ಪಾಲಿನ ಕೆಳಗಿದೆ.