ಲಾಂಗ್ ರೂಟ್ ಲಾರಿ: ಬೆಳಗಿನ ಜಾವದ ತೂಕಡಿಕೆ ನಿಲ್ಲಿಸಿದ ಕ್ರಮ

ಲೋಕಲ್ ಟಿಪ್ಪರ್ ಬಿಟ್ಟು ಬೆಂಗಳೂರು–ಪುಣೆ ಲೈನಿಗೆ ಹೊಸದಾಗಿ ಸೇರಿದವರಿಗಾಗಿ ಬರೆಯುತ್ತಿದ್ದೇನೆ. ಸಂಜೆ ನೆಲಮಂಗಲ ಬಿಟ್ಟರೆ ಹುಬ್ಬಳ್ಳಿ ಆಸುಪಾಸಿಗೆ ರಾತ್ರಿ 2 ಗಂಟೆ. ಅಲ್ಲಿಂದ 5ರವರೆಗೆ ಕಣ್ಣು ತೆರೆದೇ ಇರುತ್ತದೆ, ದಾಟಿ ಬಂದ ಊರು ಮಾತ್ರ ನೆನಪಿರುವುದಿಲ್ಲ. ಗಾಡಿ ರಸ್ತೆಯ ಬಿಳಿ ಗೆರೆಯತ್ತ ವಾಲುತ್ತದೆ.

ಮುಖಕ್ಕೆ ನೀರು, ಜೋರು ಹಾಡು, ಕಿಟಕಿ ಗಾಳಿ, ಗುಟ್ಕಾ, ಮೇಲಿಂದ ಮೇಲೆ ಚಹಾ: ಎಲ್ಲವೂ ಹತ್ತು ನಿಮಿಷದ ಆಟ. ಕ್ಲೀನರ್ ಜೊತೆ ಮಾತಾಡೋಣವೆಂದರೆ ಅವನೇ ಮೊದಲು ಗೊರಕೆ ಹೊಡೆಯುತ್ತಾನೆ.

ಕೆಲಸ ಮಾಡಿದ್ದು ಇದು. ಹೊರಡುವ ದಿನ ಮಧ್ಯಾಹ್ನ 12ರಿಂದ 4 ಕತ್ತಲೆ ಕೋಣೆಯಲ್ಲಿ ನಿದ್ದೆ, ಫೋನ್ ಆಫ್. ಶಿರಾ ಹತ್ತಿರ ಊಟ: ಚಪಾತಿ, ಪಲ್ಯ, ಅನ್ನ ಸ್ವಲ್ಪವೇ. ತೂಕಡಿಕೆ ಬರುವವರೆಗೆ ಕಾಯದೆ, 1:30ರ ಸುಮಾರಿಗೆ ಬೆಳಕಿರುವ ಪೆಟ್ರೋಲ್ ಬಂಕಿನೊಳಗೆ ಗಾಡಿ ಹಾಕಬೇಕು. ರಸ್ತೆ ಬದಿ ಬೇಡವೇ ಬೇಡ, ಹಿಂದಿನಿಂದ ಬಂದು ಗುದ್ದುತ್ತಾರೆ. ಮೊದಲು ಒಂದು ಸ್ಟ್ರಾಂಗ್ ಕಾಫಿ, ತಕ್ಷಣ ಮಲಗುವುದು, 20 ನಿಮಿಷಕ್ಕೆ ಅಲಾರಂ. ಈ ಕ್ರಮ ತಿರುಗಿಸಬೇಡಿ. ಕೆಫೀನ್ ಹತ್ತಲು ಸುಮಾರು ಅರ್ಧ ಗಂಟೆ ಬೇಕು, ಎದ್ದಾಗ ನಿದ್ದೆ, ಕಾಫಿ ಎರಡರ ಫಲವೂ ಕೂಡಿ ಬರುತ್ತದೆ. ಮುಕ್ಕಾಲು ಗಂಟೆ ಮಲಗಿದರೆ ತಲೆ ಇನ್ನೂ ಭಾರ. ಎದ್ದ ಮೇಲೆ ಹತ್ತು ನಿಮಿಷ ಟೈರ್ ತಟ್ಟಿ, ಹಗ್ಗ ನೋಡಿ, ಆಮೇಲೆ ಸ್ಟಾರ್ಟ್.

ಮಾಲೀಕರು ಗೊಣಗಿದರೆ ಹೇಳಿ: 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ 5 ಗಂಟೆ ಕೆಲಸಕ್ಕೆ ಅರ್ಧ ಗಂಟೆ ವಿರಾಮ ಇತ್ತು. ಇಷ್ಟಾದರೂ ಆಕಳಿಕೆ ನಿಲ್ಲದಿದ್ದರೆ ಕೀ ತೆಗೆದು ಒಂದೂವರೆ ಗಂಟೆ ಮಲಗಿಬಿಡಿ.