ಮುಟ್ಟು ನಿಂತ ಮೇಲೆ ಸೋಪು ಕಮ್ಮಿ ಮಾಡಿ

ಮುಟ್ಟು ನಿಂತ ಒಂದೆರಡು ವರ್ಷಕ್ಕೆ ಮೊಣಕಾಲ ಕೆಳಗೆ ಉಗುರು ತಾಗಿದರೆ ಸಾಕು, ಬಿಳಿ ಗೀರು ಬೀಳುತ್ತದೆ. ರಾತ್ರಿ ಮಲಗಿದರೆ ಬೆನ್ನೆಲ್ಲ ನವೆ. ರಕ್ತ ಕೆಟ್ಟಿದೆ ಅಂತ ಕಷಾಯ ಕುದಿಸಬೇಡಿ. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿದು ಚರ್ಮದ ಪಸೆ ಆರಿರುತ್ತದೆ. ಬಿಗಿ ಕೊಡುವ ಕೊಲಾಜನ್ ಮೊದಲ 5 ವರ್ಷದಲ್ಲೇ ಶೇಕಡಾ 30ರಷ್ಟು ಕರಗುತ್ತದೆ. ಇದರ ಮೇಲೆ ಬೆಂಗಳೂರಿನ ಬೋರ್‌ವೆಲ್ಲಿನ ಗಡಸು ನೀರು, ಸಂಕ್ರಾಂತಿಯಿಂದ ಯುಗಾದಿವರೆಗಿನ ಒಣಹವೆ.

ಮೊದಲು ಸ್ನಾನ ತಿದ್ದಿಕೊಳ್ಳಿ. ಗೀಸರ್ ನೀರು ಹಬೆಯಾಡಬಾರದು, ಉಗುರುಬೆಚ್ಚಗಿದ್ದರೆ ಸಾಕು. 10 ನಿಮಿಷ ಮೀರಬೇಡಿ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಗಡಸು ನೀರಲ್ಲಿ ಸೋಪು ಸರಿಯಾಗಿ ನೊರೆ ಬರುವುದಿಲ್ಲ; ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಜಿಡ್ಡೇ ಮೈಮೇಲೂ ಕೂತು ಕೆರೆಸುತ್ತದೆ. ಕಡಲೆಹಿಟ್ಟು ಉಜ್ಜುವವರು ಕೇಳುವುದಿಲ್ಲ, ಆದರೂ ಹೇಳುತ್ತೇನೆ: ಅದು ಜಿಡ್ಡು ಮೈಗೆ ಸರಿ, ಒಣ ಮೈಯಲ್ಲಿ ಉಳಿದ ಪಸೆಯನ್ನೂ ಎಳೆದುಬಿಡುತ್ತದೆ.

ಟವೆಲ್ ಒತ್ತಿ ತೆಗೆಯಿರಿ, ಉಜ್ಜಬೇಡಿ. ಮೈ ಇನ್ನೂ ತೇವವಿರುವಾಗಲೇ, ಮೂರು ನಿಮಿಷದೊಳಗೆ, ಕೊಬ್ಬರಿ ಎಣ್ಣೆಯನ್ನೋ ವಾಸನೆ ಹಾಕದ ಕ್ರೀಮನ್ನೋ ಹಚ್ಚಿ. ಎಣ್ಣೆ ನೀರು ಕೊಡುವುದಿಲ್ಲ, ಇರುವ ನೀರನ್ನು ಹೋಗದಂತೆ ತಡೆಯುತ್ತದೆ. ಪೂರಾ ಒಣಗಿದ ಮೇಲೆ ಹಚ್ಚಿದರೆ ತಡೆಯಲು ಏನಿರುತ್ತದೆ? ಅಂಗಾಲಿಗೆ ಮಾತ್ರ ಬಚ್ಚಲಲ್ಲಿ ಎಣ್ಣೆ, ಕ್ರೀಮು ಹಚ್ಚಬೇಡಿ, ಜಾರಿದರೆ ಈ ವಯಸ್ಸಲ್ಲಿ ಮೂಳೆ ಉಳಿಯುವುದಿಲ್ಲ. ರಾತ್ರಿ ಮಂಚದ ಮೇಲೆ ಕೂತು ಶೇಕಡಾ 20ರ ಯೂರಿಯಾ ಕ್ರೀಮ್ ಹಿಮ್ಮಡಿಗೆ ಹಚ್ಚಿ ಕಾಟನ್ ಸಾಕ್ಸ್ ಹಾಕಿ. ರಕ್ತ ಜಿನುಗುವ ಬಿರುಕಿಗೆ ಅದು ಉರಿಯುತ್ತದೆ. ಮಾಯುವವರೆಗೆ ವ್ಯಾಸಲೀನ್ ಸಾಕು.

ಮೈ ಕಾದು ಬೆವರಿದಾಗ ಸ್ತನದ ಕೆಳಗಿನ ಮಡಿಕೆ ಕೆಂಪಾಗಿ ಕೆರೆಯುವುದು ಬೇರೆ, ಅಲ್ಲಿ ಎಣ್ಣೆ ಬೇಡ. ಒರೆಸಿ ಒಣಗಿಸಿ, ತೆಳು ಹತ್ತಿ ಬಟ್ಟೆ ಇಡಿ. ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಬೆರೆತ ಟ್ಯೂಬು ಎರಡೇ ದಿನದಲ್ಲಿ ಕೆಂಪು ಇಳಿಸುತ್ತದೆ. ಮೋಸ ಇರುವುದೇ ಅಲ್ಲಿ: ಕೆಳಗೆ ಫಂಗಸ್ ಹಬ್ಬುತ್ತದೆ, ಚರ್ಮ ಇನ್ನೂ ತೆಳುವಾಗುತ್ತದೆ.

ಕೆನ್ನೆಯ ಕಂದು ಮಚ್ಚೆಗೆ (ಬಂಗು) ನಿಂಬೆರಸ ಬೇಡ, ಸನ್‌ಸ್ಕ್ರೀನ್ ಹಾಕಿ. ಊರು ತಂಪಿದ್ದ ಮಾತ್ರಕ್ಕೆ ಬಿಸಿಲು ಸೌಮ್ಯವಲ್ಲ.

ಗುಪ್ತಾಂಗಕ್ಕೆ ಸೋಪು, ಡೆಟಾಲು ಬೇಡವೇ ಬೇಡ. ಅಲ್ಲಿ ನವೆಯ ಜೊತೆ ಬಿಳಿ ಮಚ್ಚೆ ಕಂಡರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡಬೇಡಿ. ಗುಳ್ಳೆಯಿಲ್ಲದೆ ಮೈಯೆಲ್ಲ ನವೆ ಎರಡು ವಾರ ಹೋಗದಿದ್ದರೆ ಡಾಕ್ಟರನ್ನು ಕೇಳಿ ಶುಗರ್, ಥೈರಾಯ್ಡ್, ಕಿಡ್ನಿ, ಲಿವರ್ ರಕ್ತಪರೀಕ್ಷೆ ಮಾಡಿಸಿ.