28ನೇ ಎಣಿಕೆಯಲ್ಲಿ ಮತ್ತೆ ಸೇರಿದೆವು

ಹದಿನಾಲ್ಕು ವರ್ಷ ಬಿಟ್ಟು ಮತ್ತೆ ಬ್ಯಾಂಡ್ ಕಟ್ಟಿದಾಗ ನಾವು ಐದೂ ಜನ ಅವರವರ ಮನೆಯಲ್ಲೇ ರೆಕಾರ್ಡ್ ಮಾಡಿ ಫೈಲ್ ಕಳಿಸಿಕೊಂಡೆವು. ಕಿವಿಯಲ್ಲಿ ಲಯ ತಪ್ಪದಂತೆ ಟಿಕ್ ಟಿಕ್ ಎನ್ನುವ ಕ್ಲಿಕ್, ಒಂದೊಂದು ಪೆಟ್ಟೂ ಲೆಕ್ಕಕ್ಕೆ ಸರಿ. ಜೋಡಿಸಿ ಕೇಳಿದರೆ ಹಾಡಿನಲ್ಲಿ ಉಸಿರೇ ಇರಲಿಲ್ಲ. ಎರಡು ತಿಂಗಳ ಕೆಲಸ ಬದಿಗಿಟ್ಟು ಒಂದೇ ಕೋಣೆಯಲ್ಲಿ ಕೂತು ಮೊದಲಿಂದ ಶುರುಮಾಡಿದೆವು.

ನಾನು ಡ್ರಮ್ಸ್ ನುಡಿಸುವವನು. ಆಲ್ಬಮ್ಮಿನ ದೊಡ್ಡ ಹಾಡಿನ ನಡುವೆ ಏಳರ ಎಣಿಕೆಯ ಭಾಗವೊಂದಿದೆ. ತಕಿಟ ತಕಧಿಮಿ ಎಂದು ಬಾಯಲ್ಲಿ ಹೇಳಿಕೊಂಡೇ ಅದನ್ನು ಕೂರಿಸಿಕೊಂಡಿದ್ದು. ಗಿಟಾರ್, ಬಾಸ್ ಎರಡೂ ಏಳರಲ್ಲಿ ಓಡುತ್ತವೆ, ನನ್ನ ಸ್ನೇರ್ ಡ್ರಮ್ ಮಾತ್ರ ನಾಲ್ಕರಲ್ಲಿ ನಡೆಯುತ್ತದೆ. 28 ಎಣಿಕೆ ಮುಗಿದರೆ ಮೂವರೂ ಒಟ್ಟಿಗೆ ಮೊದಲ ಪೆಟ್ಟಿಗೆ ಬರುತ್ತೇವೆ. ಅಲ್ಲಿಗೆ ಬರುವ ಹೊತ್ತಿಗೆ ನಾವು ಕೂದಲೆಳೆಯಷ್ಟು ಮುಂದಕ್ಕೆ ವಾಲುತ್ತೇವೆ. ಬಾಸ್ ನುಡಿಸುವ ಗೆಳೆಯನ ಎಡಭುಜ ಸ್ವಲ್ಪ ಮೇಲೇಳುತ್ತದೆ, ನಾನು ಅದನ್ನು ನೋಡಿಕೊಂಡು ಸಿಂಬಲ್ ಬಾರಿಸುತ್ತೇನೆ. ಮನೆಯಲ್ಲಿ ಒಬ್ಬನೇ ಕೂತಾಗ ನನಗೆ ಕಾಣದೆ ಹೋಗಿದ್ದು ಆ ಭುಜ. ಕೊನೆಗೆ ಕ್ಲಿಕ್ಕನ್ನು ಹಾಡಿನ ಮೊದಲ ನಾಲ್ಕು ಎಣಿಕೆಗೆ ಮಾತ್ರ ಇಟ್ಟುಕೊಂಡೆವು.

ಗಾಯಕನ ಕಂಠ ಈಗ ಮೊದಲಿನಷ್ಟು ಮೇಲೆ ಹೋಗುವುದಿಲ್ಲ. ಹಳೆಯ ರೆಕಾರ್ಡಿಂಗ್‌ಗಿಂತ ಅದು ನನಗೆ ಹೆಚ್ಚು ಇಷ್ಟ, ತೂಕ ಬಂದಿದೆ. ಶ್ರುತಿಯನ್ನು ಒಂದು ಪೂರ್ಣ ಸ್ವರ ಇಳಿಸಿದೆವು. ಆದರೆ ಗಿಟಾರಿನ ಮುಖ್ಯ ರಿಫ್, ಅಂದರೆ ಮತ್ತೆ ಮತ್ತೆ ಬರುವ ಸ್ವರಗುಚ್ಛ, ನಿಂತಿರುವುದೇ ಬೆರಳಿಡದ ದಪ್ಪ ತಂತಿಯ ಮೇಲೆ. ಇ ಸ್ವರದ ಆ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದರೆ ತಂತಿ ಸಡಿಲಾಗಿ, ಜೋರಾಗಿ ಮೀಟಿದಾಗ ಸ್ವರ ಅಲುಗಾಡುತ್ತಿತ್ತು. ಆರೂ ತಂತಿ ತೆಗೆದು ದಪ್ಪನೆಯ ಸೆಟ್ ಹಾಕಿ, ಗಿಟಾರಿನ ನೆಕ್ (ಕತ್ತಿನ ಭಾಗ) ಮತ್ತೆ ಸರಿಮಾಡಿಸಿದ ಮೇಲೆ ರಿಫ್ ನೆಟ್ಟಗಾಯಿತು.

ಕೀಬೋರ್ಡಿನವನು ಮೆಲೊಟ್ರಾನ್ ಎಂಬ ಹಳೆಯ ಟೇಪ್ ಕೀಬೋರ್ಡಿನ ದನಿಗೆ ಸ್ಯಾಂಪಲ್, ಅಂದರೆ ಅದರ ದನಿಯ ಡಿಜಿಟಲ್ ನಕಲು, ಬಳಸಿದ. ನಿಜವಾದ ಮೆಲೊಟ್ರಾನ್‌ನಲ್ಲಿ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪ್ ಇರುತ್ತದೆ, ಸುಮಾರು 8 ಸೆಕೆಂಡಿಗೆ ಅದು ಮುಗಿಯುತ್ತದೆ. ಸ್ಯಾಂಪಲ್‌ಗೆ ಆ ಕಟ್ಟಿಲ್ಲ. ಆದರೂ ಅವನು ಎಂಟರೊಳಗೇ ಬೆರಳೆತ್ತಿ ಇನ್ನೊಂದು ಕೀಲಿಗೆ ಹೋಗುತ್ತಿದ್ದ. ಆ ಎತ್ತುವಿಕೆಯಲ್ಲೇ ರಾಗದ ಆಕಾರ ಇದೆ ಎನ್ನುತ್ತಾನೆ, ನಾನೂ ಒಪ್ಪುತ್ತೇನೆ.

ವ್ಯಾನ್ ಡರ್ ಗ್ರಾಫ್ ಜನರೇಟರ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡ್ 1978ರಲ್ಲಿ ಚದುರಿ 2005ರಲ್ಲಿ ಹೊಸ ಆಲ್ಬಮ್ ತಂದಾಗ ಎರಡನೇ ಡಿಸ್ಕನ್ನು ಪೂರ್ತಿ ಅಲ್ಲಲ್ಲೇ ಹುಟ್ಟಿದ ನುಡಿಸಾಣಿಕೆಗೇ ಬಿಟ್ಟಿತ್ತು. ಅದನ್ನು ನೆನೆದು ನಾವೂ ದಿನಾ ಮೊದಲ ಅರ್ಧ ಗಂಟೆ ಏನನ್ನೂ ಗೊತ್ತುಮಾಡದೆ ನುಡಿಸಿದೆವು. ಎರಡು ಹಾಡು ಹುಟ್ಟಿದ್ದು ಅಲ್ಲೇ.

ಕೊನೆಯ ತಕರಾರು ಹಾಡಿನ ಉದ್ದದ ಬಗ್ಗೆ. ದೊಡ್ಡ ಹಾಡು 26 ನಿಮಿಷಕ್ಕೆ ಬಂದಿತ್ತು. ಎಲ್‌ಪಿ ತಟ್ಟೆಯ (ವಿನೈಲ್ ರೆಕಾರ್ಡ್) ಒಂದು ಬದಿಗೆ 22 ನಿಮಿಷ ದಾಟಿಸಿದರೆ ಗೆರೆಗಳು ಒತ್ತೊತ್ತಾಗಿ, ಸದ್ದನ್ನೂ ಬಾಸನ್ನೂ ತಗ್ಗಿಸಬೇಕಾಗುತ್ತದೆ. ಬಾಸ್ ತಗ್ಗಿದರೆ ಏಳರ ಭಾಗವೇ ಬಿದ್ದುಹೋಗುತ್ತದೆ. ನನ್ನ ಮೂರು ನಿಮಿಷದ ಡ್ರಮ್ ಸೋಲೊ ತೆಗೆಯಿರಿ ಎಂದು ನಾನೇ ಹೇಳಿದೆ. ಉಳಿದ ಒಂದು ನಿಮಿಷ ಗಿಟಾರಿನವನು ಬಿಟ್ಟುಕೊಟ್ಟ. ಮರುದಿನ ಬೆಳಿಗ್ಗೆ ಮೊದಲಿಂದ ಕೊನೆವರೆಗೆ ಒಂದೇ ಉಸಿರಿಗೆ ನುಡಿಸಿದೆವು. ಆಲ್ಬಮ್ಮಿನಲ್ಲಿರುವುದು ಆ ಟೇಕ್.